ಮೂರು ನೀರು ಕಾಣದ ಗೋಡೆ

ಐದನೆಯ ನಂಬರಿನ ಮನೆಯ ಅಡುಗೆಕೋಣೆಯ ಗೋಡೆ ಬೆವರುತ್ತಿತ್ತು. ಹೊರಗೆ ಒಣ ಹಿಮ ಕಟ್ಟಿದ ದಿನ ಅಷ್ಟಿಲ್ಲ. ಸಮುದ್ರದ ಕಡೆಯಿಂದ ಮಂಜು ಏರಿ ಬಂದ ದಿನ ಮಾತ್ರ, ಗೋಡೆಯ ಮೇಲೆ ಅಚ್ಚಿನ ಹಲಗೆಗಳು ಬಿಟ್ಟುಹೋದ ಗೆರೆಗಳಗುಂಟ ನೀರು ಹನಿಹನಿಯಾಗಿ ಇಳಿದು ನೆಲದಲ್ಲಿ ಮಡುಗಟ್ಟುತ್ತಿತ್ತು. ಕೆಜಾಯ ಥರ್ಕೆಟಲ್ ಎದ್ದವಳೇ, ಒಲೆಗೆ ಬೆಂಕಿ ಹಾಕುವ ಮೊದಲು, ಗೋಣಿಬಟ್ಟೆ ಹಿಡಿಯುತ್ತಿದ್ದಳು. ಕುರ್ಚಿ ಹತ್ತಿ ಮೇಲಿನ ಪಟ್ಟಿ, ನಿಂತು ನಡುವಿನ ಪಟ್ಟಿ, ಮಂಡಿಯೂರಿ ಕೆಳಗಿನ ಪಟ್ಟಿ. ಬಟ್ಟೆ ಹಿಂಡಿ ಬಕೆಟ್ಟಿಗೆ, ಮತ್ತೆ ಕುರ್ಚಿ. ಎರಡು ಚಳಿಗಾಲ ಹೀಗೆ ಒರೆಸಿದ್ದಳು. ಅಡುಗೆಗೆ, ಒಗೆತಕ್ಕೆ, ಇಸ್ತ್ರಿಗೆ ಹೆಸರಿತ್ತು. ಇದಕ್ಕೆ ಹೆಸರೂ ಇರಲಿಲ್ಲ. ಗಂಡ ಜೇಬೆಸ್ ಏಳುವ ಹೊತ್ತಿಗೆ ಗೋಡೆ ಒಣಗಿರುತ್ತಿದ್ದುದರಿಂದ ಅಂಥದೊಂದು ಕೆಲಸ ಮನೆಯಲ್ಲಿ ನಡೆಯುತ್ತದೆಂದು ಅವನು ಯೋಚಿಸಿದವನೂ ಅಲ್ಲ.

ರಾಣಿ ಪಟ್ಟಕ್ಕೆ ಬಂದ ವರ್ಷ ಹುಟ್ಟಿದವಳು ಕೆಜಾಯ. ತಾಯಿ ಕಡಲ ದಂಡೆಯ ಹಳ್ಳಿ ಹಾಲ್ವಿಕ್ಕಿನವರ ಬಟ್ಟೆ ಒಗೆಯುತ್ತಿದ್ದವಳು. ಏಳನೆಯ ವಯಸ್ಸಿಗೆ ಮಗಳನ್ನು ತಾಮ್ರದ ಹಂಡೆಯ ಬೆಂಕಿ ನೋಡಿಕೊಳ್ಳಲು ಕೂರಿಸಿದಳು, ಒಂಬತ್ತಕ್ಕೆ ನೀಲಿ ಹಾಕುವುದು ಕಲಿಸಿದಳು, ಹನ್ನೆರಡಕ್ಕೆ ಗಂಜಿ. ಇಪ್ಪತ್ತಕ್ಕೆ ಕೆಜಾಯ ದಕ್ಕೆಯ ಕೂಲಿ ಜೇಬೆಸನನ್ನು ಮದುವೆಯಾಗಿ, ತಾಯಿಯ ಹಂಡೆಯನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಗಂಡನ ಮನೆಗೆ ಬಂದಳು. ಆ ಹಂಡೆ ಬಂದದ್ದು ಒಳ್ಳೆಯದೇ ಆಯಿತು. ಚಳಿಗಾಲದಲ್ಲಿ ದಕ್ಕೆಗೆ ದೋಣಿಗಳು ಬರುವುದಿಲ್ಲ. ಆ ನಾಲ್ಕು ತಿಂಗಳು ಮನೆಯವರ ಹೊಟ್ಟೆ ತುಂಬುತ್ತಿದ್ದುದು ಹಂಡೆಯಿಂದ.

ಹದಿನಾರು ವರ್ಷ ಅವರು ಜೇಡಿಮಣ್ಣಿನ ಗುಡಿಸಿಲಿನಲ್ಲಿದ್ದರು. ಒಂದು ಬಿರುಗಾಳಿಗೆ ಆ ಸಾಲಿನ ಗೋಡೆಗಳೆಲ್ಲ ಮಲಗಿದವು. ಜಮೀನಿನ ಒಡೆಯ ಕರ್ನಲ್ ಹೆರಿಯಟ್ ಹೊಸ ಪದ್ಧತಿಯ ಮನೆ ಕಟ್ಟಿಸುವುದೆಂದು ತೀರ್ಮಾನಿಸಿದರು. ಇಟ್ಟಿಗೆ ಇಲ್ಲ, ಗಾರೆಯವರಿಲ್ಲ. ಎರಡು ಕಡೆ ಹಲಗೆ ನಿಲ್ಲಿಸಿ, ನಡುವೆ ಸಿಮೆಂಟು, ಕಡಲ ದಂಡೆಯ ಮರಳು, ಉರುಟು ಹರಳುಕಲ್ಲು ಕಲಸಿ ಸುರಿದು, ದಿಮ್ಮಿಸಿನಿಂದ ಗುದ್ದಿ, ಗಟ್ಟಿಯಾದ ಮೇಲೆ ಹಲಗೆಯನ್ನು ಮೇಲಕ್ಕೇರಿಸುವುದು. ದಿಮ್ಮಿಸು ಹಿಡಿಯಲು ಹೋದ ಗಂಡಸರಲ್ಲಿ ಜೇಬೆಸನೂ ಒಬ್ಬ. ಊರಿನ ಇಟ್ಟಿಗೆ ಗಾರೆಯವರು ಹೆಂಡದಂಗಡಿಯಲ್ಲಿ ಕೂತು ನಕ್ಕರು.

"ಮನೆ ಅಲ್ಲ ಕಣ್ರೋ ಅದು, ಪುಡ್ಡಿಂಗು. ಬಟ್ಟಲಿಗೆ ಸುರಿದು ಇಟ್ರೆ ಆಯ್ತು. ಕರ್ನಲ್ ಸಾಹೇಬ್ರಿಗೆ ಹೇಳಿ, ಒಣದ್ರಾಕ್ಷಿ ಹಾಕೋದು ಮರೀಬೇಡಿ ಅಂತ."

ಸಿಮೆಂಟಿನ ಪೀಪಾಯಿಗಳ ಜೊತೆ ಬಂದ ಕಾಗದದಲ್ಲಿ ಮರಳು, ಕಲ್ಲು ತೊಳೆದಿರಬೇಕು ಎಂದು ಬರೆದಿತ್ತು. ತೊಳೆಯುವ ಕೆಲಸ ಎಂದ ಕೂಡಲೇ ಹೆಂಗಸರ ನೆನಪಾಯಿತು. ಮೇಸ್ತ್ರಿ ಗೂಚ್ ಆರು ಹೆಂಗಸರನ್ನು ಕರೆದ, ಗಂಡಸಿನ ಅರ್ಧ ಕೂಲಿಗೆ. ಅವರಲ್ಲಿ ಕೆಜಾಯ ಒಬ್ಬಳು, ಅವಳ ಗೆಳತಿ ಡೋರ್ಕಸ್ ಸ್ಮೈ ಒಬ್ಬಳು. ನೀರು ಗುಡ್ಡದ ಮೇಲಿನ ಪಂಪಿನಿಂದ ಬರಬೇಕು, ಹೆಗಲಿಗೆ ಅಡ್ಡೆ ಹೊತ್ತು. ಬಟ್ಟೆಗೆ ಹೇಗೋ ಕಲ್ಲಿಗೂ ಹಾಗೇ ಎಂದು ಕೆಜಾಯ ಮೂರು ನೀರು ಗೊತ್ತು ಮಾಡಿದಳು. ಮೂರನೆಯ ನೀರಿನಿಂದ ತೆಗೆದ ಕಲ್ಲೊಂದನ್ನು ನಾಲಿಗೆಯ ಮೇಲಿಟ್ಟು ನೋಡುತ್ತಿದ್ದಳು. ಸಪ್ಪೆಯಾದರೆ ಕಳಿಸು, ಉಪ್ಪಾದರೆ ಇನ್ನೊಂದು ನೀರು. ದಿಮ್ಮಿಸಿನ ಗಂಡಸರಿಗೆ ಅದೊಂದು ತಮಾಷೆ.

"ಏನು ಕೆಜಾಯ, ಮಿಠಾಯಿ ಸಿಹಿಯಾಗಿದೆಯಾ?"

"ನಿನ್ನ ಹೆಂಡ್ತಿ ಮಾಡೋ ಸಾರಿಗಿಂತ ವಾಸಿ."

ಮೂರು ಮನೆ ಹೀಗೆ ಎದ್ದವು. ಹಿಮ ಬೀಳುವ ಕಾಲ ಹತ್ತಿರವಾಯಿತು, ಇನ್ನೆರಡು ಮನೆ ಬಾಕಿ. ಜಮೀನಿನ ಏಜೆಂಟ್ ಲ್ಯಾನಮ್ ಒಂದು ಮಧ್ಯಾಹ್ನ ಕುದುರೆಯಿಂದ ಇಳಿಯದೆಯೇ ಹೇಳಿದ: "ಕಲ್ಲಿಗೆ ಸ್ನಾನ ಮಾಡಿಸಿದ್ದು ಸಾಕು. ಹೆಂಗಸರನ್ನ ಮನೆಗೆ ಕಳಿಸು." ಗೂಚ್ ಕಳಿಸಿದ. ಕೆಜಾಯ ತೊಟ್ಟಿ ಬೋರಲು ಹಾಕಿ ಮನೆಗೆ ಹೋದಳು. ಆಮೇಲೆ ಕಲ್ಲು ಯಾರು ತೊಳೆದರು ಎಂದು ಕೇಳಲಿಲ್ಲ; ಗಂಡಸರೇ ತೊಳೆದುಕೊಂಡಿರಬೇಕು ಎಂದುಕೊಂಡಳು. ಅವಳ ಪಾಲಿಗೆ ಬಂದದ್ದು ಕೊನೆಯ ಮನೆ, ಐದನೆಯದು.

ಗೋಡೆ ಮೊದಲ ಸಲ ಬೆವರಿದಾಗ ತನ್ನ ಹಂಡೆಯ ಹಬೆಯೇ ಕಾರಣ ಎಂದು ಅವಳೇ ನಂಬಿದ್ದಳು. ಕೊರೆಯುವ ಚಳಿಯಲ್ಲೂ ಬಾಗಿಲು ತೆರೆದಿಟ್ಟು, ಶಾಲು ಬಿಗಿದುಕೊಂಡು ಒಗೆಯುತ್ತಿದ್ದಳು. ತನ್ನ ತಪ್ಪನ್ನು ತಾನೇ ಒರೆಸುತ್ತಿದ್ದೇನೆ ಎಂಬಂತೆ ಬೆಳಿಗ್ಗೆ ಬೆಳಿಗ್ಗೆ ಒರೆಸುತ್ತಿದ್ದಳು.

ಮೂರನೆಯ ಚಳಿಗಾಲದ ಜನವರಿಯ ಒಂದು ಸೋಮವಾರ ಲ್ಯಾನಮ್ ಬಾಗಿಲು ತಟ್ಟದೆ ಒಳಗೆ ಬಂದ. ತಲೆಯ ಮೇಲಿನ ಟೋಪಿ ತಲೆಯ ಮೇಲೇ ಇತ್ತು.

"ಏನಮ್ಮಾ ಇದು, ಮನೆಯೋ ಸ್ನಾನದ ಕೋಣೆಯೋ?"

"ಸೋಮವಾರ ಅಲ್ವಾ ಸರ್. ಎಲ್ಲರ ಮನೇಲೂ ಇವತ್ತು ಹೀಗೇ."

ಅವನು ಕೈಗವಸಿನ ಬೆರಳನ್ನು ಗೋಡೆಗೆ ಒತ್ತಿ ತೋರಿಸಿದ. "ನೋಡು. ಇದೆಲ್ಲ ನಿನ್ನ ಹಂಡೆ ನೀರು. ಕರ್ನಲ್ ಸಾಹೇಬ್ರು ಒಳ್ಳೇ ಮನೆ ಕಟ್ಟಿಸಿಕೊಟ್ರು, ನೀನು ಅದನ್ನ ದಿನಾ ಬೇಯಿಸ್ತಾ ಕೂತಿದೀಯ."

"ಮಂಜು ಬಂದ ದಿನ ಹಂಡೆ ಹಚ್ಚದೆ ಇದ್ರೂ ಬೆವರುತ್ತೆ ಸರ್."

"ಹಾಗಾದ್ರೆ ನಿನ್ನ ಕೆಟಲ್ಲು. ನಿಮ್ಮಂಥೋರಿಗೆ ಯಾವಾಗ್ಲೂ ಏನಾದ್ರೂ ಒಂದು ಕುದೀತಾ ಇರ್ಬೇಕು." ಅವನು ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡ. "ಮುಂದಿನ ತಿಂಗಳು ಸಾಹೇಬ್ರೇ ನೋಡೋಕೆ ಬರ್ತಾರೆ. ಇನ್ನೂ ಹತ್ತು ಮನೆ ಕಟ್ಟಿಸೋ ಯೋಚನೆ ಇದೆ ಅವ್ರಿಗೆ. ಅಷ್ಟರೊಳಗೆ ಈ ಗೋಡೆ ಒಣಗಿರ್ಬೇಕು. ನಿನ್ನ ಮನೆಯವರ ಬಟ್ಟೆ ಒಗ್ಕೋ, ಬೇಡ ಅನ್ನಲ್ಲ. ಊರವರ ಬಟ್ಟೆ ಈ ಮನೆಯೊಳಗೆ ಬರಕೂಡದು. ಬಂತೋ, ಮಾರ್ಚಿ ಕೊನೇಲಿ ಮನೆ ಖಾಲಿ ಮಾಡ್ಬೇಕು."

ಕೆಜಾಯ ಬಟ್ಟೆ ತಿರುವುವ ಕೋಲನ್ನು ಹಂಡೆಗೆ ಇಳಿಸಿ, ಕುದಿಯುತ್ತಿದ್ದ ಅಂಗಿಯೊಂದನ್ನು ಎತ್ತಿದಳು. ಇನ್ನೊಂದು. ಮತ್ತೊಂದು. ಒಟ್ಟು ಆರು ಅಂಗಿ, ಸಾಬೂನಿನ ನೊರೆ ಸುರಿಯುತ್ತಿದ್ದಂತೆಯೇ ಬುಟ್ಟಿಗೆ ಹಾಕಿದಳು. ಬುಟ್ಟಿಯನ್ನು ಹೊರಗೆ ಒಯ್ದು ಅವನ ಕುದುರೆಗಾಡಿಯ ಸೀಟಿನ ಮೇಲಿಟ್ಟಳು.

"ಏನದು?" ಎಂದ ಲ್ಯಾನಮ್.

"ನಿಮ್ಮ ಅಂಗಿಗಳು ಸರ್. ಊರವರ ಬಟ್ಟೆ."

ಆ ವಾರವೇ ಬುಧವಾರ ದಟ್ಟ ಮಂಜು ಬಿತ್ತು. ಹಂಡೆ ತಣ್ಣಗಿತ್ತು, ಕೆಟಲ್ಲನ್ನೂ ಇನ್ನೂ ಒಲೆಗೆ ಏರಿಸಿರಲಿಲ್ಲ. ಗೋಡೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಹೆರಿಂಗ್ ಮೀನಿಗೆ ಉಪ್ಪು ಹಚ್ಚಲು ಕೆಜಾಯ ಒಲೆಯ ಪಕ್ಕದ ಉಪ್ಪಿನ ಪೆಟ್ಟಿಗೆಯ ಮುಚ್ಚಳ ತೆಗೆದಳು. ನಿನ್ನೆ ಪುಡಿಪುಡಿಯಾಗಿದ್ದ ಉಪ್ಪು ಒದ್ದೆ ಮುದ್ದೆಯಾಗಿತ್ತು. ಪ್ರತಿ ಮಂಜಿಗೂ ಹೀಗೇ ಆಗುತ್ತಿತ್ತು. ಅವಳು ಉಪ್ಪನ್ನು ನೋಡಿದಳು, ಗೋಡೆಯನ್ನು ನೋಡಿದಳು. ಹತ್ತಿರ ಹೋಗಿ ಗೋಡೆಯ ಹನಿಯೊಂದನ್ನು ಬೆರಳಿಗೆ ತೆಗೆದುಕೊಂಡು ನಾಲಿಗೆಗಿಟ್ಟಳು.

ಜೇಬೆಸ್ ಬೂಟಿನ ದಾರ ಕಟ್ಟುತ್ತಾ ಕೂತಿದ್ದ. ಅವಳು ಬೆರಳನ್ನು ಮತ್ತೆ ಗೋಡೆಗೆ ಒತ್ತಿ ತಂದು ಅವನ ಬಾಯಿಯ ಮುಂದೆ ಹಿಡಿದಳು. "ನೆಕ್ಕು."

"ಹುಚ್ಚು ಹಿಡೀತೇನೆ?"

"ನೆಕ್ಕು ಅಂದೆ."

ಅವನು ನೆಕ್ಕಿದ. ಮುಖ ತಗ್ಗಿಸಿ ಮತ್ತೆ ದಾರಕ್ಕೆ ಕೈ ಹಾಕಿದ.

"ನಮ್ಮನ್ನ ಮನೆಗೆ ಕಳಿಸಿದ ಮೇಲೆ ಕಲ್ಲು ಯಾರು ತೊಳೆದ್ರು ಜೇಬೆಸ್?"

ಅವನು ಕಟ್ಟಿದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ. "ಯಾರೂ ಇಲ್ಲ. ದಂಡೆಯಿಂದ ಗಾಡಿಗೆ, ಗಾಡಿಯಿಂದ ಹಲಗೆಯೊಳಕ್ಕೆ. ನಾನೇ ಗುದ್ದಿದ್ದು."

"ನಿಂಗೆ ಗೊತ್ತಿತ್ತು."

"ಉಪ್ಪಿಂದ ಬೆವರುತ್ತೆ ಅಂತ ಗೊತ್ತಿರ್ಲಿಲ್ಲ ಕಣೇ. ದೇವರಾಣೆ."

"ತೊಳೆದಿಲ್ಲ ಅನ್ನೋದು ಗೊತ್ತಿತ್ತಲ್ಲ. ಎರಡು ವರ್ಷ ನಾನು ಬಾಗಿಲು ತೆಕ್ಕೊಂಡು ಚಳೀಲಿ ಸಾಯ್ತಿದ್ದಾಗ್ಲೂ ಗೊತ್ತಿತ್ತು."

"ಹೇಳಿದ್ರೆ ಕೆಲಸ ಹೋಗ್ತಿತ್ತು."

"ಈಗ ಮನೆ ಹೋಗ್ತಿದೆ. ನೀನು ಹೇಳ್ಬೇಡ ಬಿಡು, ನಾನು ಹೇಳ್ತೀನಿ. ನನ್ನನ್ನ ತಡೀಬೇಡ, ಅಷ್ಟು ಸಾಕು."

ಅವನು ತಡೆಯಲಿಲ್ಲ. ಅವಳು ಹಂಡೆಯನ್ನು ಬಗಲಿಗೆ ಅವಚಿಕೊಂಡು ಬಾಗಿಲು ದಾಟುವಾಗ ಎದ್ದು ಬಂದು ಒಂದು ಕಡೆ ಹಿಡಿದ. ಇಬ್ಬರೂ ಸೇರಿ ಅದನ್ನು ಎರಡನೆಯ ನಂಬರಿನ ಡೋರ್ಕಸಳ ಮನೆಗೆ ಸಾಗಿಸಿದರು.

"ನಿನ್ನ ಮನೇಲಿ ಒಗೀಬೇಕು ಕಣೇ, ಸಾಹೇಬ್ರು ಬರೋ ತನಕ," ಎಂದಳು ಕೆಜಾಯ. "ನಿನ್ನ ಹಂಡೆ ಒಂದು, ನನ್ನದೊಂದು. ಎರಡೂ ಕುದೀಲಿ."

ಡೋರ್ಕಸ್ ಸೊಂಟಕ್ಕೆ ಕೈಯಿಟ್ಟು ನಿಂತಳು. "ನನ್ನ ಗೋಡೆಗೆ ಏನಾದ್ರೂ ಆದ್ರೆ?"

"ನಿನ್ನ ಗೋಡೆ ಕಲ್ಲು ಯಾರು ತೊಳೆದಿದ್ದು?"

"ನಾವೇ."

"ಮೂರು ನೀರು?"

"ಕೆಲವು ನಾಲ್ಕು. ನೀನು ಬಿಡ್ತಿದ್ಯಾ, ರಾಕ್ಷಸಿ." ಡೋರ್ಕಸ್ ಬಾಗಿಲು ಪೂರಾ ತೆರೆದಳು.

ಸಾಲಿನ ನಾಲ್ಕನೆಯ ಮನೆ ವರ್ಷದಿಂದ ಖಾಲಿ ಬಿದ್ದಿತ್ತು. ಅಲ್ಲಿದ್ದವರು ಗೋಡೆಯ ಒದ್ದೆಗೆ ಬೇಸತ್ತು ಬಿಟ್ಟುಹೋದ ಮೇಲೆ ಲ್ಯಾನಮ್ ಬೀಗ ಹಾಕಿಸಿ ಬಿತ್ತನೆಯ ಆಲೂಗಡ್ಡೆ ತುಂಬಿಸಿದ್ದ. ಕೆಜಾಯ ಅದರ ಕಿಟಕಿಯ ಗಾಜಿಗೆ ಹಣೆಯೊತ್ತಿ ಒಳಗೆ ನೋಡಿದಳು. ಬೇಕಾದದ್ದು ಕಂಡಿತು. ಯಾರಿಗೂ ಹೇಳಲಿಲ್ಲ.

ಕರ್ನಲ್ ಬಂದದ್ದು ಫೆಬ್ರವರಿಯ ಎರಡನೆಯ ವಾರ. ಅದೃಷ್ಟಕ್ಕೆ ಅಂದೂ ಮಂಜು. ಹಿಂದಿನ ದಿನವೇ ಲ್ಯಾನಮ್ ಜನರಿದ್ದ ಮನೆಗಳಿಗೆಲ್ಲ ಹೇಳಿಕಳಿಸಿದ್ದ: ಬೆಂಕಿ ಚೆನ್ನಾಗಿ ಉರಿಯಲಿ, ಗೋಡೆ ಒರೆಸಿರಲಿ, ಯಾರ ಮನೆಯಲ್ಲೂ ಒಗೆತ ಬೇಡ. ಕೆಜಾಯ ಆ ಬೆಳಿಗ್ಗೆ ಎದ್ದು ಗೋಣಿಬಟ್ಟೆಯನ್ನು ಮಡಿಸಿ ಮೂಲೆಯಲ್ಲಿಟ್ಟಳು. ಒಲೆ ಹಚ್ಚಲಿಲ್ಲ. ನೇರ ಡೋರ್ಕಸಳ ಮನೆಗೆ ಹೋಗಿ ಎರಡೂ ಹಂಡೆಗೆ ಬೆಂಕಿ ಹಾಕಿದಳು.

ಕರ್ನಲ್, ಲ್ಯಾನಮ್ ಮತ್ತು ಗೂಚ್ ಒಳಗೆ ಬಂದಾಗ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಹಬೆ ತುಂಬಿತ್ತು. ಲ್ಯಾನಮನ ಕುತ್ತಿಗೆ ಕೆಂಪಾಯಿತು. "ಇವಳೇ ಸರ್, ನಾನು ಹೇಳಿದ್ದು. ಹೇಳಿದ ಮಾತು ಕೇಳೋ ಜಾತಿ ಅಲ್ಲ."

"ಬಾಗಿಲು ತೆರೆದಿಡ್ತೀನಿ ಸರ್, ಎರಡು ನಿಮಿಷ ನಿಂತ್ಕೊಳ್ಳಿ," ಎಂದಳು ಕೆಜಾಯ, ಲ್ಯಾನಮನ ಕಡೆ ನೋಡದೆ. "ಈ ಗೋಡೆ ಮೇಲೆ ಹದಿನೈದು ದಿನದಿಂದ ಎರಡು ಮನೆ ಒಗೆತದ ಹಬೆ ಕೂತಿದೆ. ಮುಟ್ಟಿ ನೋಡಿ."

ಹಬೆ ಹೊರಗೆ ಹೋಯಿತು. ಗೋಡೆಯ ಮೇಲಿದ್ದ ತೇವದ ಹೊಳಪು ಕಣ್ಣೆದುರೇ ಮಾಸುತ್ತಾ ಬಂತು. ಕರ್ನಲ್ ಅಂಗೈಯಿಟ್ಟು ನೋಡಿದರು. ಗೋಡೆ ತಣ್ಣಗಿತ್ತು, ಅಷ್ಟೆ.

"ಈಗ ನಾಲ್ಕನೇ ಮನೆ ತೆಗೆಸಿ ಸರ್. ಅಲ್ಲಿ ಒಂದು ವರ್ಷದಿಂದ ಯಾವ ಹೆಂಗಸೂ ಕೆಟಲ್ಲು ಇಟ್ಟಿಲ್ಲ."

"ಅದರ ಬೀಗದಕೈ ಆಫೀಸಿನಲ್ಲಿದೆ," ಎಂದ ಲ್ಯಾನಮ್.

ಗೂಚ್ ಇಷ್ಟು ಹೊತ್ತು ತನ್ನ ಬೂಟನ್ನು ನೋಡುತ್ತಿದ್ದವನು ಜೇಬಿಗೆ ಕೈ ಹಾಕಿದ. "ನನ್ನ ಹತ್ರ ಒಂದಿದೆ ಸರ್," ಎಂದು ಕರ್ನಲರ ಕೈಗೇ ಕೊಟ್ಟ. ಲ್ಯಾನಮ್ ಅವನನ್ನು ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು.

ನಾಲ್ಕನೆಯ ಮನೆಯ ಬಾಗಿಲು ತೆರೆದಾಗ ಕೊಳೆತ ಆಲೂಗಡ್ಡೆಯ ವಾಸನೆ ಬಂತು. ಗೋಡೆಯಿಂದ ಇಳಿದ ನೀರು ಕೆಳಸಾಲಿನ ಚೀಲಗಳನ್ನು ನೆನೆಸಿ, ಮೊಳಕೆಗಳು ಬೆಳ್ಳಗೆ ಬೆರಳಿನಂತೆ ಚೀಲ ತೂರಿ ಬಂದಿದ್ದವು. ಒಲೆಯಲ್ಲಿ ಬೂದಿಯೂ ಇರಲಿಲ್ಲ.

"ಇಲ್ಲಿ ಯಾರು ಏನು ಬೇಯಿಸ್ತಿದಾರೆ ಸರ್?" ಎಂದಳು ಕೆಜಾಯ.

ಬಾಗಿಲ ಬಳಿ ಸಾಲಿನ ಹೆಂಗಸರೆಲ್ಲ ಸೇರಿದ್ದರು, ಅವರ ಹಿಂದೆ ಜೇಬೆಸ್. ಕೆಜಾಯ ಗೋಡೆಯ ಹತ್ತಿರ ಹೋಗಿ ಹನಿಯೊಂದನ್ನು ಬೆರಳಿಗೆ ತೆಗೆದು ನಾಲಿಗೆಗಿಟ್ಟುಕೊಂಡಳು. "ನೀವೂ ನೋಡಿ."

ಕರ್ನಲ್ ಅನುಮಾನಿಸಿದರು. ಕೈಗವಸು ಬಿಚ್ಚಿದರು. ಅಂಥ ದೊಡ್ಡ ಮೀಸೆಯ ಮನುಷ್ಯ ಬೆರಳು ಚೀಪುವುದನ್ನು ಹಾಲ್ವಿಕ್ಕಿನಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ. ಬಾಗಿಲಲ್ಲಿದ್ದ ಡೋರ್ಕಸ್ ಏಪ್ರನ್ನಿನ ಅಂಚನ್ನು ಬಾಯಿಗೆ ತುರುಕಿಕೊಂಡಳು.

"ಉಪ್ಪು," ಎಂದರು ಕರ್ನಲ್.

"ಸಮುದ್ರದ್ದು ಸರ್. ಮಂಜು ಬಂದ್ರೆ ನೀರೆಳ್ಕೊಳ್ಳುತ್ತೆ, ನನ್ನ ಉಪ್ಪಿನ ಪೆಟ್ಟಿಗೆ ಹಾಗೇ. ಮೊದಲ ಮೂರು ಮನೆ ಕಲ್ಲನ್ನ ಮೂರು ನೀರಲ್ಲಿ ತೊಳೆದು, ಒಂದೊಂದು ತೊಟ್ಟೀನೂ ಹೀಗೇ ನಾಲಿಗೆಗಿಟ್ಟು ಕಳಿಸಿದ್ವಿ. ಆಮೇಲೆ ನಮ್ಮನ್ನ ಮನೆಗೆ ಕಳಿಸಿದ್ರು."

"ಯಾರು ಕಳಿಸಿದ್ದು?"

ಕೆಜಾಯ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಜೇಬೆಸನ ದನಿ ಕೇಳಿತು, ಅವನಿಗೇ ಅಪರಿಚಿತವೆಂಬಂತೆ. "ಲ್ಯಾನಮ್ ಸಾಹೇಬ್ರು. ಕಲ್ಲಿಗೆ ಸ್ನಾನ ಸಾಕು ಅಂದ್ರು. ತೊಳೀದೇ ಇರೋ ಕಲ್ಲನ್ನ ನಾನೇ ಗುದ್ದಿದೆ."

ಲ್ಯಾನಮ್ ಹಿಮದ ವಿಷಯ, ಹೊತ್ತು ಸಾಲದ ವಿಷಯ ಹೇಳತೊಡಗಿದ. ಕರ್ನಲ್ ಗೋಡೆಯ ಕಡೆ ಕೈ ತೋರಿಸಿದರು. "ಮೊದಲು ನೀವು ರುಚಿ ನೋಡಿ."

ಅವನು ನೋಡಿದ. ಕೈಗವಸು ಬಿಚ್ಚದೆಯೇ.

ಕರ್ನಲ್ ಕೆಜಾಯಳ ಕಡೆ ತಿರುಗಿದರು. ನಿನ್ನ ಒಗೆತಕ್ಕೆ ಇನ್ನು ಯಾರೂ ಅಡ್ಡ ಬರುವುದಿಲ್ಲ, ಹೊಸ ಹತ್ತು ಮನೆಯ ಕಲ್ಲನ್ನು ನೀವು ಹೆಂಗಸರೇ ತೊಳೆಯಬೇಕು ಎಂದರು. ಹೊಸ ಮನೆಗಳಲ್ಲಿ ಮೊದಲನೆಯದು ನಿನಗೇ ಎಂದೂ ಸೇರಿಸಿದರು.

"ತೊಳೀತೀವಿ ಸರ್. ದಿಮ್ಮಿಸು ಹಿಡಿಯೋರಿಗೆ ಏನು ಕೊಡ್ತೀರೋ ಅದೇ ಕೂಲಿಗೆ. ನೀರು ಹೊತ್ತ ಹೆಗಲು ಅವರದಕ್ಕಿಂತ ಮೆತ್ತಗೇನಿಲ್ಲ. ನಾನು ನಾಲಿಗೆಗಿಟ್ಟು ಸರಿ ಅನ್ನೋ ತನಕ ಒಂದು ಬುಟ್ಟೀನೂ ಹಲಗೆಯೊಳಕ್ಕೆ ಬೀಳಬಾರ್ದು." ಅವಳು ಉಸಿರು ತೆಗೆದುಕೊಂಡಳು. "ಹೊಸ ಮನೆ ಬೇಡ."

"ಯಾಕಮ್ಮ?"

"ನಾನು ಹೋದ್ರೆ ಐದನೇ ಮನೆಗೆ ಇನ್ಯಾವಳೋ ಬರ್ತಾಳೆ. ಅವಳು ಒರೆಸ್ತಾಳೆ. ನನ್ನ ಹಾಗೇ ಅವಳದೇ ತಪ್ಪು ಅಂದ್ಕೊಂಡು ಒರೆಸ್ತಾಳೆ. ಗೋಡೆಯೊಳಗಿನ ಉಪ್ಪನ್ನ ಇನ್ನು ಯಾರೂ ತೆಗೆಯೋಕಾಗಲ್ಲ ಸರ್. ಹಾಗಾದ್ರೆ ಒರೆಸೋದು ಯಾರ ಕೆಲಸ, ಅದನ್ನ ಹೇಳಿ."

"ಇಷ್ಟು ದಿನ ನೀನೇ..."

"ನನ್ನ ಹಬೆ ಅಂದ್ಕೊಂಡು ಒರೆಸ್ದೆ. ನನ್ನದಲ್ಲ ಅಂತ ಈಗ ಎಲ್ಲರಿಗೂ ಗೊತ್ತಾಯ್ತಲ್ಲ. ಕಟ್ಟಿದೋರು ಬಂದು ಒರೆಸ್ಲಿ."

ಕರ್ನಲ್ ಮೀಸೆ ಸವರಿದರು, ಕೆಮ್ಮಿದರು, ಲ್ಯಾನಮನನ್ನು ನೋಡಿದರು. ಗದ್ದೆಯ ಕಾಲುವೆ, ಬೇಲಿ, ಗೇಟುಗಳ ರಿಪೇರಿಗೆ ಜಮೀನಿನಿಂದ ಆಳು ಹೋಗುವುದಿತ್ತು, ಗೋಡೆಯೂ ಜಮೀನಿನದೇ. ಅದನ್ನು ಅಲ್ಲವೆನ್ನಲು ಅವರಿಗೆ ಕಾರಣ ಸಿಗಲಿಲ್ಲ.

"ಮಂಜು ಬಿದ್ದ ದಿನ ಬೆಳಿಗ್ಗೆ ನಿಮ್ಮ ಕಡೆಯಿಂದ ಒಬ್ಬ ಹೋಗ್ಲಿ, ಲ್ಯಾನಮ್," ಎಂದರು.

ಹೊಸ ಹತ್ತು ಮನೆ ಮುಂದಿನ ಎರಡು ಬೇಸಿಗೆಯಲ್ಲಿ ಎದ್ದವು. ಆ ಗೋಡೆಗಳಿಗೆ ಹೋದ ಕಲ್ಲನ್ನೆಲ್ಲ ಕೆಜಾಯ ನಾಲಿಗೆಯ ಮೇಲೆ ದಾಟಿಸಿದಳು. ಕೂಲಿಯ ವಿಷಯದಲ್ಲಿ ಮೊದಲ ವಾರ ಲ್ಯಾನಮ್ ಹಳೆಯ ಲೆಕ್ಕವನ್ನೇ ತಂದ. ಹೆಂಗಸರು ತೊಟ್ಟಿಗಳನ್ನು ಬೋರಲು ಹಾಕಿ ಅವುಗಳ ಮೇಲೆ ಕೂತು ಹೆಣಿಗೆ ಹಾಕತೊಡಗಿದರು. ದಿಮ್ಮಿಸುಗಳು ಒಂದೂವರೆ ದಿನ ಸುಮ್ಮನೆ ನಿಂತವು. ಆಮೇಲೆ ಲೆಕ್ಕ ಸರಿಹೋಯಿತು.

ಲ್ಯಾನಮನ ಅಂಗಿಗಳು ಮತ್ತೆ ಐದನೆಯ ಮನೆಗೆ ಬರಲಿಲ್ಲ. ಅವನ ಕಾಲರುಗಳು ಅಂದಿನಿಂದ ಸ್ವಲ್ಪ ಹಳದಿಯಾಗಿ ಕಾಣುತ್ತಿದ್ದವು ಎಂದು ಡೋರ್ಕಸ್ ಹೇಳುತ್ತಿದ್ದಳು.

ಐದನೆಯ ಮನೆಯ ಗೋಡೆ ಮಂಜು ಬಂದಾಗೆಲ್ಲ ಬೆವರುತ್ತಲೇ ಇತ್ತು. ಒರೆಸಲು ಮೊದಲೆರಡು ಸಲ ಒಬ್ಬೊಬ್ಬರಾಗಿ ಬಂದ ಆಳುಗಳು ಇದು ಗಂಡಸರ ಕೆಲಸವಲ್ಲ ಎಂದು ಮತ್ತೆ ಬರಲೇ ಇಲ್ಲ. ಮೂರನೆಯ ಸಲ ಬಂದವನು ಗೂಚ್. ಯಾರು ಕಳಿಸಿದರೋ, ತಾನಾಗಿಯೇ ಬಂದನೋ, ಹೇಳಲಿಲ್ಲ. ಬಾಗಿಲು ತಟ್ಟಿ, ಟೋಪಿ ತೆಗೆದು, ಗೋಣಿಬಟ್ಟೆ ಎಲ್ಲಿದೆ ಎಂದು ಕೇಳಿದ. ಕೆಜಾಯ ಮೂಲೆ ತೋರಿಸಿದಳು. ಅವನು ಕುರ್ಚಿ ಹತ್ತಿದ, ಇಳಿದ, ಮಂಡಿಯೂರಿದ. ಅರ್ಧಕ್ಕೆ ಬರುವಷ್ಟರಲ್ಲಿ ಸೊಂಟ ಹಿಡಿದುಕೊಂಡು ನಿಂತ.

"ದಿನಾ ಇದನ್ನ ಮಾಡ್ತಿದ್ರಾ ನೀವು?" ಎಂದ. ಅದುವರೆಗೆ ಅವಳನ್ನು ಅವನು 'ನೀನು' ಎಂದೇ ಕರೆದಿದ್ದ.

"ಒಲೆ ಹಚ್ಚೋಕೆ ಮೊದಲು," ಎಂದಳು ಕೆಜಾಯ, ಅಂಗಿಯೊಂದಕ್ಕೆ ಸಾಬೂನು ತಿಕ್ಕುತ್ತಾ.

ಅವನು ಮತ್ತೆ ಬಗ್ಗಿದ. ಮುಗಿಸಿ, ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಎಸೆದು, ಟೋಪಿಗೆ ಕೈ ಹಾಕಿದ.

"ಗೂಚ್ ಅವ್ರೇ," ಎಂದಳು ಕೆಜಾಯ, ತಿರುಗದೆಯೇ. "ಕಿಟಕಿ ಕೆಳಗಿನ ಮೂಲೆ ಬಿಟ್ಟಿದೀರಿ. ಆಮೇಲೆ ಬಟ್ಟೆ ಹಿಂಡಿ, ಹೊರಗಿನ ಹಗ್ಗದ ಮೇಲೆ ಹರವಿ ಹೋಗಿ. ಮುದ್ದೆ ಮಾಡಿಟ್ರೆ ನಾಳೆಗೆ ನಾತ ಹೊಡೆಯುತ್ತೆ."

ಗೂಚ್ ಟೋಪಿಯನ್ನು ಕುರ್ಚಿಯ ಮೇಲಿಟ್ಟು ಕಿಟಕಿಯ ಕಡೆ ಹೋದ.